ಹಾಡು ಎಲ್ಲಿಂದ ಹೊರಟಿತು, ಎಲ್ಲಿಗೆ ಮರಳಿತು: ಮುಂಬೈಯಲ್ಲಿ ಜಾಮ್ ಬ್ಯಾಂಡ್ ಕೇಳಲು ಹೋಗುವವರಿಗೆ

ತಾಳಮದ್ದಳೆ ಕೇಳಿದವರಿಗೆ ಜಾಮ್ ಬ್ಯಾಂಡ್ ಎಂದರೇನು ಎಂದು ಹೇಳಿಕೊಡುವುದು ಸುಲಭ. ಪ್ರಸಂಗದ ಪದ್ಯ ಮೊದಲೇ ಬರೆದದ್ದು, ಕೂತವರಿಗೆಲ್ಲ ಗೊತ್ತಿದ್ದದ್ದು. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿ ಏನು ಹೇಳುತ್ತಾರೆ, ಎಷ್ಟು ಹೊತ್ತು ಎಳೆಯುತ್ತಾರೆ, ಎದುರಿಗಿರುವವರು ಯಾವ ಮರುಮಾತು ಕೊಡುತ್ತಾರೆ ಎಂಬುದೆಲ್ಲ ಆ ಒಂದು ರಾತ್ರಿಗೆ ಸೇರಿದ್ದು. ಜಾಮ್ ಬ್ಯಾಂಡಿನಲ್ಲೂ ಹೀಗೆಯೇ. ಅರವತ್ತು-ಎಪ್ಪತ್ತರ ದಶಕದ ರಾಕ್ ಹಾಡೊಂದು ಪದ್ಯದ ಹಾಗೆ ಬರುತ್ತದೆ, ಎರಡು ಚರಣ ಮುಗಿಯುತ್ತದೆ, ಆಮೇಲೆ ಬ್ಯಾಂಡು ಆ ಹಾಡನ್ನು ಬಿಚ್ಚಿ ಹರಡಿಕೊಂಡು ಕೂರುತ್ತದೆ. ಐದು ನಿಮಿಷದ ಹಾಡು ಹದಿನೈದಾಗುತ್ತದೆ. ಇಲ್ಲಿ ಹೇಳುವುದು ಹಳೆಯ ರಾಕ್ ಹಾಡನ್ನು ಫಂಕಿ ಬ್ಲೂಸ್ ಮಾಡಿ ಹೀಗೆ ಬೆಳೆಸುವ ಬ್ಯಾಂಡುಗಳ ಮಾತು. ಬ್ಲೂಸ್ ಎಂದರೆ ರಾಕಿನ ಬೇರಾದ, ಅಮೆರಿಕದ ಕಪ್ಪು ಜನರ ಹಾಡು; ಫಂಕ್ ಎಂದರೆ ಬೇಸ್, ಡ್ರಮ್ಸಿನ ಲಯವೇ ಮುಂದೆ ನಿಲ್ಲುವ ಸಂಗೀತ. ಆಲ್ಮನ್ ಬ್ರದರ್ಸ್ ಬ್ಯಾಂಡ್ 1969ರಲ್ಲಿ ಸ್ಟುಡಿಯೊದಲ್ಲಿ ಸುಮಾರು ಐದು ನಿಮಿಷಕ್ಕೆ ಮುಗಿಸಿದ್ದ 'ವಿಪ್ಪಿಂಗ್ ಪೋಸ್ಟ್' ಹಾಡು 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ವೇದಿಕೆಯಲ್ಲಿ 23 ನಿಮಿಷಕ್ಕೆ ಬೆಳೆದಿತ್ತು.

ಮೊದಲ ಸಲ ಹೋದವರಲ್ಲಿ ಬಹಳ ಜನ ಮೂರನೇ ಹಾಡಿಗೆ ಮೊಬೈಲ್ ತೆಗೆಯುತ್ತಾರೆ. ಬ್ಯಾಂಡು ಹಾಡು ಮರೆತು ಅಲೆಯುತ್ತಿದೆ ಅನ್ನಿಸುವುದೇ ಇದಕ್ಕೆ ಕಾರಣ. ಅದು ಅಲೆದಾಟವಲ್ಲ. ಹೊರಟ ಜಾಗವೂ ಮರಳುವ ಜಾಗವೂ ಇದೆ. ಅವೆರಡನ್ನು ಕಿವಿಯಲ್ಲಿ ಹಿಡಿಯಲು ಕಲಿತರೆ ನಡುವಿನ ಹತ್ತು ನಿಮಿಷ ತಾನಾಗಿ ತೆರೆದುಕೊಳ್ಳುತ್ತದೆ. ಟಿಕೆಟ್, ಲೋಕಲ್, ನಿಲ್ಲುವ ಜಾಗ ಎಲ್ಲವನ್ನೂ ಆ ಒಂದು ಕೆಲಸಕ್ಕೆ ಅನುಕೂಲವಾಗುವಂತೆ ಹೊಂದಿಸಿಕೊಳ್ಳಬೇಕು.

ಯಾವ ರಾತ್ರಿ, ಯಾವ ಬ್ಯಾಂಡ್

ಪೋಸ್ಟರ್ ಓದುವುದರಿಂದಲೇ ಕೆಲಸ ಶುರು. 'ಟ್ರಿಬ್ಯೂಟ್' ಎಂದಿದ್ದರೆ ಬ್ಯಾಂಡು ರೆಕಾರ್ಡಿನಲ್ಲಿ ಇದ್ದ ಹಾಗೆಯೇ ನುಡಿಸುತ್ತದೆ, ಸೋಲೊ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗ) ಕೂಡ ಸ್ವರ ಸ್ವರ ನಕಲು. ಅದಕ್ಕೂ ಪರಿಶ್ರಮ ಬೇಕು, ಆದರೆ ನಾವು ಹುಡುಕುತ್ತಿರುವುದು ಅದಲ್ಲ. 'ಅಕೌಸ್ಟಿಕ್ ಡ್ಯುಯೊ' ಎಂದಿದ್ದರೆ ಡ್ರಮ್ಸ್ ಇರುವುದಿಲ್ಲ, ಫಂಕ್ ಹುಟ್ಟುವುದು ಕಷ್ಟ. ಕನಿಷ್ಠ ಗಿಟಾರ್, ಬೇಸ್ (ತಗ್ಗಿನ ಸ್ವರದ ಗಿಟಾರ್), ಡ್ರಮ್ಸ್ ಮೂವರು ಬೇಕು. ನಾಲ್ಕನೆಯವರಾಗಿ ಹ್ಯಾಮಂಡ್ ಆರ್ಗನ್ ಸದ್ದು ತೆಗೆಯುವ ಕೀಬೋರ್ಡಿನವರು ಇದ್ದರೆ ಬ್ಲೂಸಿಗೂ ಫಂಕಿಗೂ ನಡುವೆ ಸೇತುವೆ ಕಟ್ಟಿದ ಹಾಗೆ. ಬ್ಯಾಂಡಿನ ಲೈವ್ ವಿಡಿಯೊ ಒಂದೆರಡು ತೆರೆದು ಉದ್ದ ನೋಡಿ. ಎಲ್ಲ ಹಾಡೂ ನಾಲ್ಕು ನಿಮಿಷಕ್ಕೆ ಮುಗಿದರೆ ಅದು ಕವರ್ ಬ್ಯಾಂಡ್, ಅಂದರೆ ಬೇರೆಯವರ ಹಾಡನ್ನು ಇದ್ದ ಹಾಗೆಯೇ ನುಡಿಸುವ ಬ್ಯಾಂಡ್. ಏಳೆಂಟು ನಿಮಿಷ ದಾಟುವ ಹಾಡು ಎರಡಾದರೂ ಇದ್ದರೆ ಹೋಗಬಹುದು.

ವಾರದ ಯಾವ ದಿನ ಎಂಬುದೂ ಮುಖ್ಯ. ಶನಿವಾರ ರಾತ್ರಿ ತುಂಬಿದ ಪಬ್ಬಿನಲ್ಲಿ ಜನಕ್ಕೆ ಒಟ್ಟಿಗೆ ಹಾಡುವ ಹಾಡು ಬೇಕು, ಮಾಲೀಕರಿಗೂ ಅದೇ ಬೇಕು. ಬ್ಯಾಂಡು ಸೋಲೊಗಳನ್ನು ಮೊಟಕು ಮಾಡುತ್ತದೆ. ಬುಧವಾರ, ಗುರುವಾರ, ಭಾನುವಾರ ಕೈ ಬಿಡುವಾಗಿರುತ್ತದೆ. ನಮ್ಮನ್ನು ಕೇಳಿದರೆ ಗುರುವಾರಕ್ಕೇ ಓಟು.

ಮುಂಬೈಯಲ್ಲಿ ಇಂಥ ಬ್ಯಾಂಡುಗಳು ಸಿಗುವುದು ಲೋವರ್ ಪರೇಲಿನ ಹಳೆಯ ಮಿಲ್ ಆವರಣಗಳಲ್ಲಿ, ಬಾಂದ್ರಾ-ಖಾರ್ ಸುತ್ತ, ಅಂಧೇರಿ ಪಶ್ಚಿಮದಲ್ಲಿ, ಪವಾಯಿಯಲ್ಲಿ. ಬ್ಲೂಸ್‌ಗೆಂದೇ ಒಂದು ಹಬ್ಬವೂ ಇದೆ: 2011ರಲ್ಲಿ ಶುರುವಾದ ಮಹೀಂದ್ರಾ ಬ್ಲೂಸ್ ಫೆಸ್ಟಿವಲ್. ಫೆಬ್ರುವರಿಯಲ್ಲಿ, ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ ನಡೆದುಬಂದ ಈ ಹಬ್ಬಕ್ಕೆ ಮೊದಲ ವರ್ಷವೇ ಶಿಕಾಗೊದ ಬಡ್ಡಿ ಗೈ ಬಂದಿದ್ದರು. ಶಿಲ್ಲಾಂಗಿನ ಸೋಲ್‌ಮೇಟ್ ಬ್ಯಾಂಡ್ ಅಲ್ಲಿ ನುಡಿಸಿದೆ. ಹಬ್ಬದ ಆಸುಪಾಸಿನ ವಾರಗಳಲ್ಲಿ ಊರಿನ ಪಬ್ಬುಗಳ ಮೇಲೂ ಕಣ್ಣಿಡಿ.

ದುಡ್ಡು ಮತ್ತು ಹೊತ್ತು

ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಒಂದು, ಇದು ಎಂಟ್ರಿಯೋ ಕವರ್ ಚಾರ್ಜೋ? ಎಂಟ್ರಿ ಎಂದರೆ ಕೊಟ್ಟ ದುಡ್ಡು ಮುಗಿಯಿತು. ಕವರ್ ಎಂದರೆ ಅಷ್ಟೇ ಮೊತ್ತಕ್ಕೆ ತಿನ್ನಬಹುದು, ಕುಡಿಯಬಹುದು. ಕವರಿನಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ. ಬಿಲ್ ಬಂದಾಗ ವಾದ ಹೂಡಿದರೆ ಅರ್ಧ ಸೆಟ್ ಅಲ್ಲೇ ಹೋಗುತ್ತದೆ. ಎರಡು, ಬ್ಯಾಂಡು ನಿಜವಾಗಿ ಎಷ್ಟಕ್ಕೆ ಶುರು ಮಾಡುತ್ತದೆ? ಪೋಸ್ಟರಿನಲ್ಲಿ ಒಂಬತ್ತು ಎಂದಿದ್ದರೆ ಮೊದಲ ಸ್ವರ ಒಂಬತ್ತೂಮುಕ್ಕಾಲಿಗೆ ಬಂದರೂ ಆಶ್ಚರ್ಯವಿಲ್ಲ. ಮೂರು, ಒಂದು ಸೆಟ್ಟೋ ಎರಡೋ? ಎರಡು ಸೆಟ್ ಎಂದರೆ ಸಾಮಾನ್ಯವಾಗಿ 45ರಿಂದ 60 ನಿಮಿಷದ ಎರಡು ಕಂತು, ನಡುವೆ 15-20 ನಿಮಿಷ ಬಿಡುವು. ಒಂದಕ್ಕೆ ಮಾತ್ರ ಸಮಯ ಇದ್ದರೆ ಎರಡನೆಯದನ್ನು ಆರಿಸಿಕೊಳ್ಳಿ. ಮೊದಲ ಸೆಟ್ಟಿನಲ್ಲಿ ಸೌಂಡ್ ಎಂಜಿನಿಯರ್ ಇನ್ನೂ ಮಟ್ಟ ಹೊಂದಿಸುತ್ತಿರುತ್ತಾರೆ, ಹಾಡುಗಳೂ ಚಿಕ್ಕವು. ಬ್ಯಾಂಡು ಬಿಚ್ಚಿಕೊಳ್ಳುವುದು ಎರಡನೆಯದರಲ್ಲಿ.

ಗುರುತಿನ ಚೀಟಿ ಜೇಬಿನಲ್ಲಿರಲಿ. ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21 ವರ್ಷ, ಅದಕ್ಕಿಂತ ಬಲವಾದ ಮದ್ಯಕ್ಕೆ 25 ತುಂಬಿರಬೇಕು. ಕುಡಿಯದವರು ಸಂಕೋಚಪಡಬೇಕಿಲ್ಲ, ಲೈಮ್ ಸೋಡಾ ಹಿಡಿದು ಇಡೀ ರಾತ್ರಿ ನಿಲ್ಲಬಹುದು. ಊಟ ಮಾತ್ರ ಮೊದಲೇ ಮುಗಿಸಿ. ಲೋವರ್ ಪರೇಲಿಗೆ ಹೊರಟವರು ಮಾಟುಂಗಾದಲ್ಲಿ ಇಳಿದು ಉಡುಪಿ ಹೋಟೆಲಿನಲ್ಲಿ ಏಳೂವರೆಗೆ ಇಡ್ಲಿ-ವಡೆಯೋ ದೋಸೆಯೋ ತಿಂದು ಹೋದರೆ ಜೇಬಿಗೂ ಹೊಟ್ಟೆಗೂ ಹಿತ. ಪಬ್ಬಿನಲ್ಲಿ ಊಟದ ಮೇಜು ಹಿಡಿದವರಿಗೆ ವೇದಿಕೆಗೆ ಬೆನ್ನು ಹಾಕಿದ ಕುರ್ಚಿ ಸಿಗುವುದು ಸಾಮಾನ್ಯ, ತಟ್ಟೆಯ ಸದ್ದು ಬೇರೆ.

ವಾಪಸು ಬರುವ ದಾರಿಯನ್ನು ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಕೊನೆಯ ಲೋಕಲ್‌ಗಳು ಮಧ್ಯರಾತ್ರಿ ದಾಟಿ ಹೊರಟ ಮೇಲೆ ಬೆಳಗಿನ ಜಾವದವರೆಗೆ ಹಳಿ ಖಾಲಿ. ಎಂ-ಇಂಡಿಕೇಟರ್ ಆಪಿನಲ್ಲಿ ನಿಮ್ಮ ಸ್ಟೇಷನ್ನಿನ ಕೊನೆಯ ಸ್ಲೋ ಲೋಕಲ್ ನೋಡಿ, ಅದಕ್ಕಿಂತ ಅರ್ಧ ಗಂಟೆ ಮೊದಲಿಗೆ ಅಲಾರಾಂ ಇಡಿ. ಡೊಂಬಿವಿಲಿ, ಮೀರಾ ರೋಡ್ ಕಡೆಯವರು ಇಬ್ಬರು ಮೂವರು ಸೇರಿ ಹೋದರೆ ಟ್ಯಾಕ್ಸಿ ಭಾರವಾಗದು. ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಮೀಟರಿನ ಮೇಲೆ ಕಾಲು ಭಾಗ ಹೆಚ್ಚು ಎಂಬುದೂ, ಬಾಂದ್ರಾದಿಂದ ದಕ್ಷಿಣಕ್ಕೆ ಆಟೊ ಬರುವುದಿಲ್ಲ ಎಂಬುದೂ ನೆನಪಿರಲಿ.

ಒಳಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಒಂದು ಕೆಲಸ: ಹೊರಹೋಗುವ ಎರಡನೇ ಬಾಗಿಲು ಎಲ್ಲಿದೆ ನೋಡಿ, ಅದರ ಮುಂದೆ ಕುರ್ಚಿ, ಕ್ರೇಟು ಪೇರಿಸಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. 2017ರ ಡಿಸೆಂಬರ್ 29ರ ನಸುಕಿನಲ್ಲಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ 14 ಜನ ತೀರಿಕೊಂಡರು. ಅದಾದ ಮೇಲೆ ಇದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಪುಣೆಯವರು, ಗೋವಾಕ್ಕೆ ಹೋಗುವವರು

ಪುಣೆಯಲ್ಲಿ ಕೋರೆಗಾಂವ್ ಪಾರ್ಕ್, ಮುಂಢ್ವಾ, ಬಾಣೇರ್ ಕಡೆ ಹುಡುಕಿ. ಅಂಗಳದಲ್ಲಿ ವೇದಿಕೆ ಇರುವ ಜಾಗಗಳಲ್ಲಿ ಪೋಸ್ಟರಿನ ಸಮಯಕ್ಕೆ ಸರಿಯಾಗಿ ಹೋಗಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ತೆರೆದ ಜಾಗದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು. ಸರ್ಕಾರ ವಿಶೇಷ ಅನುಮತಿ ಕೊಟ್ಟ ಕೆಲವೇ ದಿನಗಳಲ್ಲಿ ಮಧ್ಯರಾತ್ರಿಯವರೆಗೆ ವಿನಾಯಿತಿ. ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಸಮ್ಮಿಗೆ, ಅಂದರೆ ತಾಳದ ಮೊದಲ ಎಣಿಕೆಗೆ, ತಲೆಯಾಡಿಸಿ ರೂಢಿಯಾದವರಿಗೆ ಈ ಸಂಗೀತ ಹತ್ತಿರವೇ. ಕಾರಣ ಮುಂದೆ ಬರುತ್ತದೆ.

ಗೋವಾದಲ್ಲಿಯೂ ಹತ್ತರ ನಿಯಮ ಇದೇ. ಆದ್ದರಿಂದ ಕಡಲಂಚಿನ ಬಯಲು ಕಛೇರಿ, ಅಂದರೆ ಗಿಗ್‌ಗೆ ಸಂಜೆ ಆರೂವರೆಗೇ ಜಾಗ ಹಿಡಿಯಿರಿ. ಮಳೆಗಾಲದಲ್ಲಿ ಕಡಲಂಚಿನ ಗುಡಿಸಲು ಹೋಟೆಲುಗಳಾದ ಶ್ಯಾಕ್‌ಗಳನ್ನು ಬಿಚ್ಚಿಟ್ಟಿರುತ್ತಾರೆ, ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ. ಬಾಡಿಗೆ ಸ್ಕೂಟರಿನ ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನದನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಪೊಲೀಸರು ಹಿಡಿದರೆ ರಾತ್ರಿ ಹಾಳು. ಕುಡಿಯುವುದಿದ್ದರೆ ಸ್ಕೂಟರೇ ಬೇಡ. ಟ್ಯಾಕ್ಸಿಯವರ ಹತ್ತಿರ ಹೋಗುವಾಗಲೇ ವಾಪಸಿನ ಹೊತ್ತು, ದರ ಎರಡನ್ನೂ ಮಾತಾಡಿ ಮುಗಿಸಿ.

ಹೋಗುವ ಮೊದಲು ಮನೆಪಾಠ: ಹನ್ನೆರಡು ಬಾರ್

ಒಂದೇ ಒಂದು ವಿಷಯ ಕಲಿತು ಹೋಗುವುದಾದರೆ ಇದನ್ನು ಕಲಿಯಿರಿ. ನಾಲ್ಕು ಎಣಿಕೆಯ ಒಂದು ತುಂಡಿಗೆ 'ಬಾರ್' ಎನ್ನುತ್ತಾರೆ. ಬ್ಲೂಸಿನ ಒಂದು ಆವರ್ತನಕ್ಕೆ ಇಂಥ 12 ಬಾರ್. ಗಿಟಾರಿನವರು A ಎನ್ನುವ ಶ್ರುತಿಯನ್ನು ನೀವು ಷಡ್ಜ ಎಂದು ಇಟ್ಟುಕೊಳ್ಳಿ. ಆಗ D ಎಂದರೆ ಮಧ್ಯಮ, E ಎಂದರೆ ಪಂಚಮ. ಈ ಮೂರು ಮನೆಗಳ ಮೇಲೆ ಕಟ್ಟಿದ ಮೂರು ಸ್ವರಗೊಂಚಲು, ಅಂದರೆ ಕಾರ್ಡ್‌ಗಳಲ್ಲೇ ಬ್ಲೂಸಿನ ಬಹುಪಾಲು ನಡೆದುಹೋಗುತ್ತದೆ.

ಮೊದಲ ನಾಲ್ಕು ಬಾರ್ ಷಡ್ಜದ ಮನೆಯಲ್ಲಿ. ಐದು, ಆರು ಮಧ್ಯಮದಲ್ಲಿ. ಏಳು, ಎಂಟು ಮತ್ತೆ ಷಡ್ಜ. ಒಂಬತ್ತರಲ್ಲಿ ಪಂಚಮ, ಹತ್ತರಲ್ಲಿ ಮಧ್ಯಮ, ಹನ್ನೊಂದು-ಹನ್ನೆರಡರಲ್ಲಿ ಮನೆಗೆ. ಹನ್ನೆರಡನೆಯದರ ಕೊನೆಯಲ್ಲಿ ಬಹಳ ಸಲ ಪಂಚಮವನ್ನು ಮುಟ್ಟಿ, ಮುಂದಿನ ಸುತ್ತಿಗೆ ದಬ್ಬುತ್ತಾರೆ. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಇಡೀ ಸುತ್ತು 24 ಸೆಕೆಂಡಿಗೆ ಮುಗಿಯುತ್ತದೆ. 60ರ ನಿಧಾನ ಬ್ಲೂಸಾದರೆ 48 ಸೆಕೆಂಡ್. ಎಡಗೈ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆಟ್ಟು ಓಡಿಸಿ ಎಣಿಸಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಸರಿಯಾಗಿ ಹನ್ನೆರಡು. ಜಪ ಎಣಿಸುವ ಕ್ರಮವೇ ಸಾಕು.

ಅಭ್ಯಾಸಕ್ಕೆ ಒಂದು ಜೋಡಿ. ರಾಬರ್ಟ್ ಜಾನ್ಸನ್ 1936ರಲ್ಲಿ ಒಂಟಿ ಗಿಟಾರಿನಲ್ಲಿ ರೆಕಾರ್ಡ್ ಮಾಡಿದ 'ಕ್ರಾಸ್ ರೋಡ್ ಬ್ಲೂಸ್' ಕೇಳಿ, ಆಮೇಲೆ ಕ್ರೀಮ್ ಬ್ಯಾಂಡ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನುಡಿಸಿದ ಅದೇ ಹಾಡು ಕೇಳಿ. ಜಾನ್ಸನ್ ತನಗೆ ಬೇಕಾದಲ್ಲಿ ಬಾರ್ ಎಳೆಯುತ್ತಾರೆ, ಮೊಟಕು ಮಾಡುತ್ತಾರೆ. ಎಣಿಕೆ ತಪ್ಪಿದರೆ ಗಾಬರಿ ಬೇಡ. ಕ್ರೀಮ್‌ನದು ಗಡಿಯಾರದ ಹಾಗೆ ಹನ್ನೆರಡಕ್ಕೆ ಬಂದು ನಿಲ್ಲುತ್ತದೆ. ಕವರ್ ಎಂಬ ಪದಕ್ಕೆ ನಕಲು ಎಂಬ ಅರ್ಥ ಮಾತ್ರ ಇಲ್ಲ ಎಂಬುದೂ ಅಲ್ಲೇ ತಿಳಿಯುತ್ತದೆ. ಫಂಕಿಗೆ ನ್ಯೂ ಆರ್ಲಿಯನ್ಸಿನ ದ ಮೀಟರ್ಸ್ ಅವರ 1969ರ 'ಸಿಸ್ಸಿ ಸ್ಟ್ರಟ್' ಸಾಕು. ಅದರಲ್ಲಿ ಹಾಡುಗಾರಿಕೆಯೇ ಇಲ್ಲ, ಹಾಗಾಗಿ ಕಿವಿ ನೇರ ಬೇಸಿಗೂ ಡ್ರಮ್ಸಿಗೂ ಹೋಗುತ್ತದೆ.

ಸ್ವರಜ್ಞಾನ ಇರುವವರಿಗೆ ಇನ್ನೊಂದು ಕೀಲಿ. ಬ್ಲೂಸ್ ಗಿಟಾರಿನ ಮೂಲ ಸ್ವರಗಳು ಸ ಗ ಮ ಪ ನಿ, ಗಾಂಧಾರ-ನಿಷಾದ ಎರಡೂ ಕೋಮಲ. ನಮ್ಮ ಶುದ್ಧ ಧನ್ಯಾಸಿಯ, ಹಿಂದೂಸ್ತಾನಿಯ ಧಾನಿಯ ಸ್ವರಗಳೇ. ಅದರ ನಡುವೆ ಪ್ರತಿ ಮಧ್ಯಮವನ್ನು ಜಾರಿಸಿ ಮುಟ್ಟಿ ಬಿಡುತ್ತಾರೆ. ಕಾರ್ಡಿನಲ್ಲಿ ಮಾತ್ರ ಗಾಂಧಾರ ತೀವ್ರ. ಕೆಳಗೆ ಒಂದು ಗಾಂಧಾರ, ಮೇಲೆ ಇನ್ನೊಂದು. ಆ ತಿಕ್ಕಾಟವೇ ಬ್ಲೂಸಿನ ಹುಳಿ. ಹಾಡು ಉದ್ದವಾಗಿ ಬಿಚ್ಚಿಕೊಂಡು ಒಂದೇ ಕಾರ್ಡಿನ ಮೇಲೆ ನಿಂತಾಗ ಬಹಳ ಸಲ ಸಿಗುವುದು ಹರಿಕಾಂಭೋಜಿಯ ಅಥವಾ ಖರಹರಪ್ರಿಯದ ಸ್ವರಗಳು. ಗಮಕ ಹುಡುಕಬೇಡಿ, ಸ್ವರಸ್ಥಾನ ಮಾತ್ರ ಗುರುತಿಸಿ.

ಎಲ್ಲಿ ನಿಲ್ಲಬೇಕು

ವೇದಿಕೆಗೆ ಅಂಟಿಕೊಂಡು ನಿಂತರೆ ಚೆನ್ನಾಗಿ ಕೇಳುತ್ತದೆ ಎಂಬುದು ದೊಡ್ಡ ತಪ್ಪು. ಚಿಕ್ಕ ಪಬ್ಬಿನಲ್ಲಿ ಡ್ರಮ್ಸಿನ ಸದ್ದು ನೇರ ಡ್ರಮ್ಸಿನಿಂದಲೇ, ಗಿಟಾರಿನದು ಅದರ ಸದ್ದು ಹೆಚ್ಚಿಸುವ ಪೆಟ್ಟಿಗೆಯಾದ ಆಂಪಿನಿಂದಲೇ ಬರುತ್ತದೆ. ಹಾಡುಗಾರರ ಗಂಟಲು ಬರುವುದು ಅಕ್ಕಪಕ್ಕದ ದೊಡ್ಡ ಸ್ಪೀಕರುಗಳಿಂದ ಮಾತ್ರ, ಅವು ನಿಮ್ಮ ತಲೆ ದಾಟಿ ಹಿಂದಕ್ಕೆ ಮುಖ ಮಾಡಿರುತ್ತವೆ. ಆದ್ದರಿಂದ ಮುಂದಿನ ಸಾಲಿನವರಿಗೆ ಸಿಂಬಲ್ (ಡ್ರಮ್ಸಿನ ಲೋಹದ ತಟ್ಟೆ) ಕಿವಿಗೆ ಹೊಡೆಯುತ್ತದೆ, ಮಾತು ಕೇಳುವುದಿಲ್ಲ. ಗಿಟಾರ್ ಆಂಪಿನ ಎತ್ತರದ ಸ್ವರಗಳು ಟಾರ್ಚಿನ ಬೆಳಕಿನ ಹಾಗೆ ನೇರ ಸಾಗುತ್ತವೆ. ಆಂಪಿನ ಎದುರು ನಿಂತವರಿಗೆ ಸೂಜಿ ಚುಚ್ಚಿದ ಹಾಗೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮೃದು.

ಗೋಡೆ ಮತ್ತು ಮೂಲೆ ಕೂಡ ಬೇಡ. ಬೇಸಿನ ಅಲೆಗಳು ಗೋಡೆಗೆ ಬಡಿದು ಮರಳುವುದರಿಂದ ಮೂಲೆಯಲ್ಲಿ ಸದ್ದು ಗುಡ್ಡೆ ಬೀಳುತ್ತದೆ. ಬೇಸಿನವರು ಯಾವ ಸ್ವರ ನುಡಿಸಿದರೂ 'ಬೂಂ' ಎಂದೇ ಕೇಳುತ್ತದೆ. ಫಂಕಿನಲ್ಲಿ ಬೇಸಿನ ಪ್ರತಿ ತುಣುಕೂ ಬಿಡಿಬಿಡಿಯಾಗಿ ಕೇಳಬೇಕು, ಹಾಗಾಗಿ ಮೂಲೆ ಹಿಡಿದವರಿಗೆ ಅರ್ಧ ಸಂಗೀತ ತಪ್ಪಿಹೋಗುತ್ತದೆ.

ಸರಿಯಾದ ಜಾಗ ಹುಡುಕಲು ಮಿಕ್ಸರ್ ಮೇಜು ಎಲ್ಲಿದೆ ನೋಡಿ. ಸೌಂಡ್ ಎಂಜಿನಿಯರ್ ಅಲ್ಲಿ ನಿಂತೇ ಮಟ್ಟ ಹೊಂದಿಸುವುದು, ಅವರ ಕಿವಿಗೆ ಸರಿ ಕಂಡದ್ದೇ ಎಲ್ಲರಿಗೂ. ಅವರ ಮುಂದೆ ಒಂದೆರಡು ಮೀಟರ್, ನಟ್ಟನಡುವಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ನಿಲ್ಲಿ. ಎಡಬಲ ಎರಡೂ ಕಡೆ ಸಬ್ (ತಗ್ಗಿನ ಸ್ವರಕ್ಕೆಂದೇ ಇರುವ ಸ್ಪೀಕರ್) ಇಟ್ಟಿದ್ದರೆ ನಟ್ಟನಡುವಿನ ಗೆರೆಯಲ್ಲಿ ಬೇಸ್ ಎರಡರಷ್ಟಾಗಿ ಉಬ್ಬುವುದರಿಂದ ಆ ಒಂದು ಹೆಜ್ಜೆ. ಮೇಜನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಇನ್ನೂ ಸ್ವಲ್ಪ ಮುಂದೆ ಬನ್ನಿ. ಮೊದಲ ಹಾಡಿನಲ್ಲಿ ಮೂರು ಕಡೆ ನಿಂತು ಪರೀಕ್ಷೆ ಮಾಡಿ: ಹಾಡಿನ ಮಾತು ತಿಳಿಯುತ್ತದೆಯೇ, ಬೇಸಿನ ಸ್ವರ ಬದಲಾದದ್ದು ಗೊತ್ತಾಗುತ್ತದೆಯೇ, ಡ್ರಮ್ಮರಿನ ಕೈ ಕಾಣುತ್ತದೆಯೇ. ಮೂರಕ್ಕೂ ಹೌದು ಎಂದಾದ ಜಾಗವನ್ನು ಬಿಡುವಿನವರೆಗೆ ಬಿಟ್ಟುಕೊಡಬೇಡಿ.

ಕಿವಿ

ಇದರಲ್ಲಿ ಉದಾಸೀನ ಬೇಡ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಿಕೊಳ್ಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಸಹಿತ ಬ್ಯಾಂಡು ನೂರನ್ನು ಮುಟ್ಟುವುದು ದೊಡ್ಡ ಮಾತಲ್ಲ. ಫೋನಿನ ಡೆಸಿಬೆಲ್ ಆಪ್ ಅಂದಾಜಿಗೆ ಸಾಕು.

ಮೆಡಿಕಲ್ ಶಾಪಿನ ಫೋಮ್ ಪ್ಲಗ್ ಕಿವಿ ಉಳಿಸುತ್ತದೆ, ಆದರೆ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತದೆ, ಸಂಗೀತ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಸಂಗೀತಗಾರರಿಗೆಂದು ಮಾಡಿದ ಫಿಲ್ಟರ್ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚು ಕಡಿಮೆ ಸಮನಾಗಿ 15-20 ಡೆಸಿಬೆಲ್ ಇಳಿಸುತ್ತವೆ. ತಿಂಗಳಿಗೊಮ್ಮೆಯಾದರೂ ಗಿಗ್‌ಗೆ ಹೋಗುವವರು ಅದಕ್ಕೇ ದುಡ್ಡು ಹಾಕಿ. ಫೋಮ್ ಹಾಕುವ ರೀತಿ: ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಇಪ್ಪತ್ತು ಮೂವತ್ತು ಸೆಕೆಂಡ್ ಬೆರಳಿಂದ ಒತ್ತಿ ಹಿಡಿಯಿರಿ. ಕಿವಿಯ ಬಾಯಲ್ಲೇ ಇಟ್ಟು ಬಿಟ್ಟರೆ ಅರ್ಧ ಹೊತ್ತಿನಲ್ಲಿ ಜಾರಿ ಬೀಳುತ್ತದೆ. ಬಿಡುವಿನಲ್ಲಿ ಹೊರಗೆ ಹೋಗಿ ಕಿವಿಗೆ ಹದಿನೈದು ನಿಮಿಷ ವಿಶ್ರಾಂತಿ ಕೊಡಿ.

ಹಾಡು ಬಿಚ್ಚಿಕೊಳ್ಳುವ ಬಗೆ

ಈಗ ಮುಖ್ಯ ವಿಷಯ. ಹಳೆಯ ರಾಕ್ ಹಾಡನ್ನು ಫಂಕಿ ಬ್ಲೂಸ್ ಮಾಡುವಾಗ ಬ್ಯಾಂಡು ಎರಡು ವಸ್ತುಗಳನ್ನು ಮುಟ್ಟುವುದಿಲ್ಲ: ಹಾಡಿನ ಮಾತು ಮತ್ತು ಅದರ ರಿಫ್, ಅಂದರೆ ಹಾಡನ್ನು ಕಣ್ಣು ಮುಚ್ಚಿ ಗುರುತಿಸಬಲ್ಲ ಆ ಚಿಕ್ಕ ಗಿಟಾರ್ ಪಲುಕು. ಬದಲಾಗುವುದು ಕೆಳಗಿನ ನೆಲ.

ಡ್ರಮ್ಮರಿನ ಬಲಗೈ ನೋಡಿ. ರಾಕಿನಲ್ಲಿ ಹೈ-ಹ್ಯಾಟ್ (ಒಂದರ ಮೇಲೊಂದು ಇಟ್ಟ ಜೋಡಿ ಸಿಂಬಲ್) ಮೇಲೆ ಒಂದೊಂದು ಬಾರ್‌ನಲ್ಲಿ ಎಂಟು ಸಮನಾದ ಏಟು. ಫಂಕಿಗೆ ಇಳಿದಾಗ ಅದೇ ಬಾರ್ ಹದಿನಾರು ತುಣುಕಾಗುತ್ತದೆ, ಎಡಗೈ ಸ್ನೇರಿನ (ಚುರುಕು ಸದ್ದಿನ ಚಿಕ್ಕ ಡ್ರಮ್ಮಿನ) ಮೇಲೆ ಕೇಳಿಯೂ ಕೇಳದ ಹಾಗೆ ಸಣ್ಣ ಏಟುಗಳನ್ನು ಉದುರಿಸುತ್ತ ಹೋಗುತ್ತದೆ. ಜೋರಾದ ಸ್ನೇರ್ ಮಾತ್ರ ಎರಡಕ್ಕೂ ನಾಲ್ಕಕ್ಕೂ. ವೇಗ ಬಹಳ ಸಲ ಮೂಲ ಹಾಡಿಗಿಂತ ಕಡಿಮೆ. ಓಡಿದರೆ ಆ ಹದಿನಾರಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. ಗಿಟಾರಿನವರು ಕಾರ್ಡನ್ನು ಮೊಳಗಿಸುವುದು ಬಿಟ್ಟು, ಎಡಗೈಯನ್ನು ತಂತಿಗೆ ತಾಗಿಸಿ ಹಿಡಿದು 'ಚಿಕ ಚಿಕ' ಎಂದು ಕೊಚ್ಚುತ್ತಾರೆ. ಕಾಲ ಕೆಳಗಿನ ವಾ ಪೆಡಲ್ ತುಳಿದರೆ ಅದೇ ಸದ್ದಿಗೆ ಬಾಯಿ ತೆರೆದು ಮುಚ್ಚಿದ ಗುಣ ಬರುತ್ತದೆ.

ಬೇಸ್ ಇಲ್ಲಿ ಯಜಮಾನ. ಫಂಕಿನಲ್ಲಿ ಒಂದನೇ ಎಣಿಕೆಯೇ ಸಮ್. ಜೇಮ್ಸ್ ಬ್ರೌನ್ ಅದನ್ನು 'ದ ಒನ್' ಎಂದೇ ಕರೆಯುತ್ತಿದ್ದರು. ಉಳಿದ ಮೂರರಲ್ಲಿ ಎಲ್ಲಿ ಬೇಕಾದರೂ ಅಡ್ಡಾಡಿ, ಒಂದಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಬಂದು ಕಾಲೂರಬೇಕು. ತಬಲಾ-ಗಾಯನದ ಜಗಳ ಸಮ್ಮಿನಲ್ಲಿ ಇತ್ಯರ್ಥವಾಗುವಾಗಿನ ಸುಖವೇ ಇದು. ಕಳೆದುಹೋದಿರಿ ಅನ್ನಿಸಿದಾಗ ಗಿಟಾರ್ ಬಿಟ್ಟು ಬೇಸಿನವರ ಬಲಗೈಯನ್ನು ನೋಡಿ. ಅತಿ ಗಟ್ಟಿ ಸ್ವರ ಬಿದ್ದದ್ದು ಬಹುಪಾಲು ಒಂದಕ್ಕೇ. ಅಲ್ಲಿಂದ ಮತ್ತೆ ಎಣಿಸಿ.

ಎರಡು ಚರಣ ಮುಗಿದ ಮೇಲೆ ಕಾರ್ಡುಗಳ ಓಡಾಟ ನಿಂತು ಒಂದೇ ಕಾರ್ಡು ಸುತ್ತತೊಡಗುತ್ತದೆ. ಹಾಡು ಹೊರಟಿತು ಎಂದು ಅರ್ಥ. ಹೆಚ್ಚಾಗಿ ಮೊದಲು ಸದ್ದು ಇಳಿಯುತ್ತದೆ, ಡ್ರಮ್ಮರ್ ಸಿಂಬಲ್ ಬಿಟ್ಟು ಹೈ-ಹ್ಯಾಟ್ ಮುಚ್ಚುತ್ತಾರೆ, ಸೋಲೊ ನುಡಿಸುವವರು ಎರಡು ಮೂರು ಸ್ವರದಿಂದ ಶುರು ಮಾಡುತ್ತಾರೆ. ಒಳ್ಳೆಯ ಸೋಲೊ ಮೆಟ್ಟಿಲು ಹತ್ತುತ್ತದೆ: ಮೊದಲು ಖಾಲಿ ಜಾಗ ಹೆಚ್ಚು, ಆಮೇಲೆ ವಾಕ್ಯ ಉದ್ದ, ಆಮೇಲೆ ಸ್ಥಾಯಿ ಎತ್ತರ, ಕೊನೆಗೆ ವೇಗ. ಮೊದಲ ಸುತ್ತಿನಲ್ಲೇ ವೇಗ ಎಲ್ಲ ಸುರಿದವರಿಗೆ ಮೂರನೇ ಸುತ್ತಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಇದನ್ನು ತಾಳಮದ್ದಳೆಯ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕೇ?

ಕಣ್ಣಿಗೂ ಕೆಲಸವಿದೆ. ಗಿಟಾರಿನ ಕತ್ತನ್ನು ಮೇಲೆತ್ತಿ ಕೆಳಗಿಳಿಸಿದರೆ ಅದು ತಿರುವಿನ ಅಥವಾ ಮುಗಿತಾಯದ ಸನ್ನೆ. ತಲೆ ಮುಟ್ಟಿಕೊಂಡರೆ ಹಾಡಿನ ಮೊದಲಿಗೆ ವಾಪಸು. ಮುಷ್ಟಿ ಎತ್ತಿದರೆ ನಿಲ್ಲಿಸಿ. ನಾಲ್ಕು ಬೆರಳು ತೋರಿಸಿದರೆ ನಾಲ್ಕು ನಾಲ್ಕು ಬಾರಿನ ಸವಾಲ್-ಜವಾಬು. ಯಾವ ಸನ್ನೆಯೂ ಇಲ್ಲದೆ ಬರೀ ಕಣ್ಣ ನೋಟದಲ್ಲಿ ತಿರುಗುವ ಬ್ಯಾಂಡುಗಳೂ ಇವೆ, ಅವರು ಬಹಳ ಕಾಲ ಜೊತೆಗೆ ನುಡಿಸಿದವರು. ರಿಫ್ ಮತ್ತೆ ಬರುವ ಮೊದಲು ಬಹಳ ಸಲ ಡ್ರಮ್ಮರ್ ಒಂದು ಉರುಳಿಕೆ ಹಾಕುತ್ತಾರೆ. ಆ ಹೊತ್ತಿಗೆ ಮೊಬೈಲ್ ಜೇಬಿನಲ್ಲಿರಲಿ. ಹತ್ತು ನಿಮಿಷ ಕಳೆದುಹೋಗಿದ್ದ ಹಾಡು ನಾಲ್ಕು ಜನರ ಕೈಯಲ್ಲಿ ಒಂದೇ ಏಟಿಗೆ ಮನೆ ಸೇರುವುದನ್ನು ಕಾಣಲಿಕ್ಕೇ ಅಲ್ಲವೇ ಲೋವರ್ ಪರೇಲಿನವರೆಗೆ ಬಂದದ್ದು!

ಕೆಲವೊಮ್ಮೆ ಆ ಹಾಡಿಗೆ ಮರಳದೆ ಇನ್ನೊಂದು ಹಾಡಿನೊಳಗೇ ಹೊಕ್ಕುಬಿಡುತ್ತಾರೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳು ಹಾಡುಗಳ ಪಟ್ಟಿಯಲ್ಲಿ ಎರಡು ಹೆಸರುಗಳ ನಡುವೆ ಬಾಣದ ಗುರುತು ಹಾಕಿ ಇದನ್ನು ತೋರಿಸುತ್ತಾರೆ. ಯಾವ ಗಳಿಗೆಯಲ್ಲಿ ಹಳೆಯ ಹಾಡು ಹೊಸದಾಯಿತು ಎಂದು ಪಕ್ಕದವರ ಜೊತೆ ವಾದ ಮಾಡಬಹುದು, ಮುಗಿದ ಮೇಲೆ.

ಕೆಡುವುದು ಎಲ್ಲಿ

'ಕೂಂ' ಎಂದು ಕೂಗು ಎದ್ದರೆ ಮೈಕಿನ ಸದ್ದು ಸ್ಪೀಕರಿನಿಂದ ಬಂದು ಮತ್ತೆ ಮೈಕಿಗೇ ಹೋಗುತ್ತಿದೆ. ಹಾಡುಗಾರರು ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಾಗ, ಅಥವಾ ಕಾಲ ಬುಡದ ಮಾನಿಟರ್ ಸ್ಪೀಕರಿನ ಕಡೆ ಮೈಕ್ ತಿರುಗಿಸಿದಾಗ ಹೀಗಾಗುತ್ತದೆ. ಗಿಟಾರಿನಿಂದ ಒಂದೇ ಸಮನೆ 'ಗುಂಯ್' ಬರುತ್ತಿದ್ದು, ವಾದಕರು ಪಕ್ಕಕ್ಕೆ ತಿರುಗಿದಾಗ ಕಡಿಮೆಯಾದರೆ ಅದು ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಹಿಡಿದ ಕರೆಂಟಿನ ಗುಂಯ್‌ಗುಡುವಿಕೆ. ದೀಪದ ಡಿಮ್ಮರ್ ಹತ್ತಿರವಿದ್ದರೆ ಇನ್ನೂ ಹೆಚ್ಚು. ಹಾಡುಗಳ ನಡುವೆ ಶ್ರುತಿ ಮಾಡಿಕೊಳ್ಳುತ್ತ ನಿಂತರೆ ತಾಳ್ಮೆ ಇರಲಿ. ಕಡಲ ತಡಿಯ ತೇವ, ಎ.ಸಿ.ಯ ತಣ್ಣನೆ ಗಾಳಿ, ಜನರ ಮೈಬಿಸಿ ಮೂರೂ ಒಟ್ಟಾಗಿ ಕೆಲಸ ಮಾಡುವಾಗ ಗಿಟಾರಿನ ಮರವೂ ತಂತಿಯೂ ಹಿಗ್ಗಿ ಕುಗ್ಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸದ್ದಿನ ಪೈಪೋಟಿ. ಒಬ್ಬರು ಆಂಪ್ ಏರಿಸಿದರೆ ತನ್ನದು ಕೇಳುತ್ತಿಲ್ಲ ಎಂದು ಇನ್ನೊಬ್ಬರು ಏರಿಸುತ್ತಾರೆ, ಹಾಡುಗಾರರು ಕಿರುಚುತ್ತಾರೆ, ಎಂಜಿನಿಯರಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಬ್ಬರ ಸೋಲೊ ಬಂದಾಗ ಉಳಿದವರು ಸದ್ದು ಇಳಿಸುತ್ತಾರೋ ಇಲ್ಲವೋ ನೋಡಿ. ಬ್ಯಾಂಡಿನ ಯೋಗ್ಯತೆ ಅಳೆಯಲು ಇದಕ್ಕಿಂತ ನೇರವಾದ ಮಾನದಂಡ ಇಲ್ಲ.

ಕೇಳುಗರ ನಡವಳಿಕೆ

ಚಪ್ಪಾಳೆಯನ್ನು ಎರಡಕ್ಕೂ ನಾಲ್ಕಕ್ಕೂ ಹಾಕಿ, ಸ್ನೇರಿನ ಜೊತೆ. ಭಜನೆಯ ರೂಢಿಯಲ್ಲಿ ಒಂದಕ್ಕೂ ಮೂರಕ್ಕೂ ಹಾಕಿದರೆ ಫಂಕಿನ ನಡಿಗೆ ಕುಂಟುತ್ತದೆ. ದೊಡ್ಡ ಬಯಲಿನಲ್ಲಿ ಹಿಂದೆ ನಿಂತವರು ಚಪ್ಪಾಳೆ ಬಿಡುವುದೇ ಒಳ್ಳೆಯದು. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. 17 ಮೀಟರ್ ದೂರದಲ್ಲಿ ನಿಮಗೆ ಕೇಳಿಸುವುದೇ 50 ಮಿಲಿಸೆಕೆಂಡ್ ತಡವಾಗಿ, ನಿಮ್ಮ ಚಪ್ಪಾಳೆ ವೇದಿಕೆಗೆ ಮುಟ್ಟುವುದು ಇನ್ನೂ ಅಷ್ಟೇ ತಡವಾಗಿ. ಡ್ರಮ್ಮರನ್ನು ಹಿಂದಕ್ಕೆ ಎಳೆದ ಹಾಗಾಗುತ್ತದೆ.

ಸೋಲೊ ಮುಗಿದ ಕೂಡಲೇ ಕೂಗಿ, ಶಿಳ್ಳೆ ಹಾಕಿ, ಅದು ಇಲ್ಲಿ ಮರ್ಯಾದೆಯೇ. ಹಾಡಿನ ಬೇಡಿಕೆ ಇದ್ದರೆ ಬಿಡುವಿನಲ್ಲಿ ಚೀಟಿ ಬರೆದು ಕೊಡಿ. ನುಡಿಸುವಾಗ ಹತ್ತಿರ ಹೋಗಿ ಕಿವಿಯಲ್ಲಿ ಹೇಳಬೇಡಿ. ರೆಕಾರ್ಡ್ ಮಾಡಲು ಮೊದಲು ಬ್ಯಾಂಡಿನವರ ಒಪ್ಪಿಗೆ ಕೇಳಿ. ಒಪ್ಪಿದರೆ ಮಿಕ್ಸರ್ ಮೇಜಿನ ಹತ್ತಿರ ಫೋನ್ ಇಟ್ಟು, ಏರೊಪ್ಲೇನ್ ಮೋಡಿಗೆ ಹಾಕಿ. ಸ್ಪೀಕರಿನ ಮುಂದೆ ಹಿಡಿದರೆ ಮೈಕ್ ತಾಳಲಾರದೆ ಬೇಸ್ ಒಡೆದು ಗರಗರ ಎನ್ನುತ್ತದೆ. ಮರುದಿನ ಲೋಕಲಿನಲ್ಲಿ ಇಯರ್‌ಫೋನ್ ಹಾಕಿ ಅದೇ ಹಾಡಿನ ಬಾರ್‌ಗಳನ್ನು ಎಣಿಸಿದರೆ, ರಾತ್ರಿ ತಪ್ಪಿಹೋದ ತಿರುವು ಸಿಕ್ಕೇ ಸಿಗುತ್ತದೆ.

ನೀವೂ ನುಡಿಸುವವರಾಗಿದ್ದು, ಆ ರಾತ್ರಿ ವೇದಿಕೆ ಹೊರಗಿನವರಿಗೂ ತೆರೆದಿದ್ದರೆ, ಮೊದಲ ಸೆಟ್ ಮುಗಿದಾಗಲೇ ಮುಖ್ಯಸ್ಥರಿಗೆ ಹೇಳಿ. ಸ್ವಂತ ಕೇಬಲ್, ಕ್ಲಿಪ್ ಟ್ಯೂನರ್, ಎರಡು ಪಿಕ್ ತನ್ನಿ. ಶ್ರುತಿ ಯಾವುದು, ಹನ್ನೆರಡು ಬಾರೋ ಒಂದೇ ಕಾರ್ಡೋ, ಕೊನೆ ಹೇಗೆ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಎರಡು ಸುತ್ತು, ಅಂದರೆ 24 ಬಾರ್ ನುಡಿಸಿ ಮುಂದಿನವರ ಕಡೆ ನೋಡಿ. ಉಳಿದ ಹೊತ್ತು ಮೆಲ್ಲಗೆ ಕೊಚ್ಚುತ್ತ ಬೇಸಿಗೆ ಜಾಗ ಬಿಡಿ. ಇಳಿಯುವಾಗ ಆಂಪಿನ ವಾಲ್ಯೂಮ್ ಸೊನ್ನೆಗೆ ತಂದ ಮೇಲೆಯೇ ಕೇಬಲ್ ಕಳಚಿ, ಇಲ್ಲದಿದ್ದರೆ 'ಢಪ್' ಎಂಬ ಏಟು ಸ್ಪೀಕರಿಗೂ ಕೂತವರ ಕಿವಿಗೂ ಬೀಳುತ್ತದೆ.